ಕತ್ತಿನ ಕಪ್ಪು ಕೊಳೆಯಲ್ಲ!
ಕೆಲವರಿಗೆ ಕತ್ತಿನ ಹಿಂಭಾಗ ಹಾಗೂ ಕಂಕುಳಲ್ಲಿ ಚರ್ಮ ಕಪ್ಪಾಗಿ, ದಪ್ಪಗಾಗಿ ಮಖಮಲ್ಲಿನಂತಾಗುತ್ತದೆ. ಎಷ್ಟು ಉಜ್ಜಿದರೂ ಅದು ಹೋಗದು. ಇದೇ ಅಕ್ಯಾಂಥೋಸಿಸ್ ನೈಗ್ರಿಕಾನ್ಸ್. ಬಹುಪಾಲು ಇದು ಇನ್ಸುಲಿನ್ ಪ್ರತಿರೋಧದ ಕುರುಹು. ಜೀವಕೋಶಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿಯು ಅದನ್ನು ಹೆಚ್ಚಾಗಿ ಸ್ರವಿಸುತ್ತದೆ. ಈ ಅಧಿಕ ಇನ್ಸುಲಿನ್ ಚರ್ಮದ ಕೋಶಗಳನ್ನು ಅತಿಯಾಗಿ ಬೆಳೆಯುವಂತೆ ಪ್ರಚೋದಿಸುತ್ತದೆ.

ಪ್ರತಿರೋಧ ಉಂಟಾಗುವುದೇಕೆ? ರೋಗರಕ್ಷಣಾ ಕೋಶಗಳೂ ಇದಕ್ಕೆ ಒಂದು ಕಾರಣ. ಬೊಜ್ಜು ಹೆಚ್ಚಿದಂತೆ ಕೊಬ್ಬಿನ ಅಂಗಾಂಶದಲ್ಲಿ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಜಮಾಯಿಸುತ್ತವೆ ಎಂಬುದು 2003ರಲ್ಲಿ ಪ್ರಕಟವಾಯಿತು. ಅವು ಸ್ರವಿಸುವ ಟಿಎನ್ಎಫ್-ಆಲ್ಫಾದಂತಹ ಪ್ರೋಟೀನುಗಳು ಇನ್ಸುಲಿನ್‌ನ ಸಂದೇಶಕ್ಕೆ ಅಡ್ಡಿಯಾಗುತ್ತವೆ.

ಆದ್ದರಿಂದ ಮಗುವಿನ ಕತ್ತು ಕಪ್ಪಾಗಿದ್ದರೆ ಬೈದು ಉಜ್ಜಬೇಡಿ. ವೈದ್ಯರಿಗೆ ತೋರಿಸಿ, ರಕ್ತದ ಸಕ್ಕರೆ ಪರೀಕ್ಷಿಸಿ. ಸ್ಥೂಲಕಾಯರಲ್ಲಿ ತೂಕ ಇಳಿದರೆ ಕಪ್ಪೂ ಕ್ರಮೇಣ ತಿಳಿಯಾಗಬಹುದು.