ಹಮಾಲರ ಮಾಲೀಕ ಯಾರು?

ಪ್ರಶ್ನೆ: ಯಾದಗಿರಿ, ಶಹಾಪುರ, ಸುರಪುರದ ಮಾರುಕಟ್ಟೆಗಳಲ್ಲಿ ಇಷ್ಟೊಂದು ಹಮಾಲರಿದ್ದರೂ ಕಾರ್ಖಾನೆಗಳಲ್ಲಿರುವಂಥ ಸಂಬಳದ ಒಪ್ಪಂದ ಅವರಿಗೇಕಿಲ್ಲ?

ಉತ್ತರ: ಸಂಘ ಕಟ್ಟುವುದು ಕಷ್ಟವಲ್ಲ, 1926ರ ಕಾರ್ಮಿಕ ಸಂಘಗಳ ಕಾಯ್ದೆಯೇ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ತೊಡಕಿರುವುದು ಮಾತುಕತೆಗೆ ಎದುರಿನ ಕುರ್ಚಿಯಲ್ಲಿ ಕೂರುವ ಮಾಲೀಕ ಯಾರೆಂಬುದರಲ್ಲಿ. ಹಮಾಲ ಬೆಳಿಗ್ಗೆ ಒಂದು ಅಡತಿ ಅಂಗಡಿಯ ತೊಗರಿ ಇಳಿಸುತ್ತಾನೆ, ಮಧ್ಯಾಹ್ನ ಇನ್ನೊಬ್ಬರ ಲಾರಿಗೆ ಹತ್ತಿ ಏರಿಸುತ್ತಾನೆ. ಕೂಲಿ ಚೀಲದ ಲೆಕ್ಕ. ಮಸ್ಟರ್ ರೋಲ್ ಇಲ್ಲ, ಪಿ.ಎಫ್. ಇಲ್ಲ, ಬೆನ್ನು ನೋವಾದ ದಿನ ದುಡ್ಡೂ ಇಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆ ಕಲ್ಪಿಸಿಕೊಂಡದ್ದು ಗೇಟು, ಹಾಜರಿ ಪುಸ್ತಕ ಇರುವ ಕಾರ್ಖಾನೆಯನ್ನು. ಇಲ್ಲಿ ನೋಟಿಸು ಕೊಡಬೇಕೆಂದರೂ ಯಾರಿಗೆ ಕೊಡುವುದು?

ಇದಕ್ಕೆ ಉಪಾಯವಿಲ್ಲವೆಂದಲ್ಲ. ಮಹಾರಾಷ್ಟ್ರ 1969ರಲ್ಲೇ ಮಾಥಾಡಿ (ತಲೆಹೊರೆ ಕಾರ್ಮಿಕರ) ಕಾಯ್ದೆ ತಂದಿತು. ಅಲ್ಲಿ ವ್ಯಾಪಾರಿಗಳು ಕೂಲಿಯನ್ನೂ ಅದರ ಮೇಲೊಂದಿಷ್ಟು ಲೆವಿಯನ್ನೂ ಆ ಕಾಯ್ದೆಯಡಿ ರಚಿಸಿದ ಮಂಡಳಿಗೆ ಕಟ್ಟುತ್ತಾರೆ. ಮಂಡಳಿ ಹಮಾಲರಿಗೆ ಕೂಲಿ, ಭವಿಷ್ಯನಿಧಿ, ಬೋನಸ್ ಕೊಡುತ್ತದೆ. ಮಾಲೀಕರು ನೂರಾರು ಜನರಿದ್ದರೂ ಲೆಕ್ಕ ಒಂದೇ ಕಡೆ. ನಮ್ಮಲ್ಲಿ ‘ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ’ದಂಥ ಯೋಜನೆಗಳಿವೆ, ಬೇಡವೆನ್ನಲಾರೆ, ಆದರೆ ಅವು ನೆರವು ಕೊಡುತ್ತವೆಯೇ ಹೊರತು ದರ ಚೌಕಾಸಿಗೆ ಕೂರಿಸುವುದಿಲ್ಲ. ಇಂಥ ಕಾಯ್ದೆಯಿಂದ ಕೂಲಿ ಏರಿದರೆ ವ್ಯಾಪಾರ ಬೇರೆ ಪೇಟೆಗೆ ಹೋದೀತು ಎಂಬ ಅಂಜಿಕೆ ವರ್ತಕರದು. ನಿಯಮ ರಾಜ್ಯಕ್ಕೆಲ್ಲ ಒಂದೇ ಆದರೆ ಆ ಅಂಜಿಕೆ ಬಹುಪಾಲು ಇಳಿಯುತ್ತದೆ. ಮಾಥಾಡಿ ಹೆಸರಿನಲ್ಲಿ ಸುಲಿಗೆ ನಡೆಯುತ್ತದೆಂಬ ದೂರು ಮಹಾರಾಷ್ಟ್ರದಲ್ಲಿ ಇದೆ, ಅದು ಸುಳ್ಳಲ್ಲ. ಅದಕ್ಕೆ ಮದ್ದು ಮಂಡಳಿಯ ಲೆಕ್ಕ ತಪಾಸಣೆ, ಮಂಡಳಿಯೇ ಬೇಡವೆನ್ನುವುದಲ್ಲ. ಕರ್ನಾಟಕಕ್ಕೂ ಅಂಥ ಕಾಯ್ದೆ ಬೇಕು.