ಸೊನ್ನೆಯೋ ಧೂಳೋ? ಶಾಸನಾಸಕ್ತರ ಪುಟ್ಟ ಕ್ಯಾಮೆರಾ ಮತ್ತು ಅದರ ವಾರಂಟಿ

ಶಾಸನ ಹುಡುಕಿಕೊಂಡು ಊರೂರು ಸುತ್ತುವ ಅನೇಕರ ಚೀಲದಲ್ಲಿ ಈಗಲೂ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಇರುತ್ತದೆ. ಭಾರ ಇಲ್ಲ, ಗೋಡೆಯ ಸಂದಿಗೂ ಕೈ ತೂರಿಸಿ ಫೋಟೋ ತೆಗೆಯಬಹುದು, ಜೂಮ್ ಹಾಕಿದರೆ ತೊಲೆಯ ಮೇಲಿನ ಬರಹವೂ ಹತ್ತಿರ ಬರುತ್ತದೆ. ಪಡಿಯಚ್ಚು ತೆಗೆಯಬೇಕೆಂದರೆ ಕಾಗದ, ನೀರು, ಬ್ರಷ್ಷು, ಮಸಿ, ಅನುಮತಿ ಎಲ್ಲ ಬೇಕು. ಹಾಗಾಗಿ ಮೊದಲ ಭೇಟಿಯಲ್ಲಿ ನಮ್ಮ ಕೈಗೆ ಸಿಗುವ ದಾಖಲೆ ಅಂದ್ರೆ ಬಹುಪಾಲು ಫೋಟೋ ಮಾತ್ರ. ಮುಂದಿನ ಸಲ ಹೋಗುವಷ್ಟರಲ್ಲಿ ಕಲ್ಲಿಗೆ ಸುಣ್ಣವೋ ಆಯಿಲ್ ಪೇಂಟೋ ಬಿದ್ದಿರಬಹುದು, ರಸ್ತೆ ಅಗಲ ಮಾಡುವಾಗ ಕಲ್ಲೇ ಕಾಣೆಯಾಗಿರಬಹುದು. ಆದ್ದರಿಂದ ಕ್ಯಾಮೆರಾ ಕೆಡುವುದು ನಮಗೆ ಬರೀ ದುಡ್ಡಿನ ವಿಷಯ ಅಲ್ಲ, ಶಾಸನಪಾಠದ ವಿಷಯ.

ಕೆಡುವುದು ಎಲ್ಲಿ?

ಪುಟ್ಟ ಕ್ಯಾಮೆರಾದ ಲೆನ್ಸ್ ಒಂದರೊಳಗೊಂದು ಸೇರುವ ಕೊಳವೆಗಳಲ್ಲಿ ಕೂತಿರುತ್ತದೆ. ಆನ್ ಮಾಡಿದಾಗ ಹೊರಬರುತ್ತದೆ, ಆಫ್ ಮಾಡಿದಾಗ ಒಳಗೆ ಹೋಗುತ್ತದೆ. ಹೀಗೆ ಒಳಹೊರಗೆ ಆಡುವಾಗೆಲ್ಲ ತಿದಿಯ ಹಾಗೆ ಗಾಳಿಯನ್ನು ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಧೂಳನ್ನೂ. ಕಲ್ಲಿನ ಮೇಲಿನ ಮಣ್ಣು ಗುಡಿಸಿದ ತಕ್ಷಣ ಅಲ್ಲೇ ಕ್ಯಾಮೆರಾ ಆನ್ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಧೂಳು ಕೂರುವವರೆಗೆ ಒಂದೆರಡು ನಿಮಿಷ ಕಾಯುವುದು ಒಳ್ಳೆಯದು.

ಮರಳಿನ ಕಣ ಹಲ್ಲುಚಕ್ರಕ್ಕೆ ಸಿಕ್ಕಿದರೆ ಲೆನ್ಸ್ ಅರ್ಧದಲ್ಲೇ ನಿಂತು ಪರದೆಯ ಮೇಲೆ ಲೆನ್ಸ್ ಎರರ್ ಬರುತ್ತದೆ. ಇದು ಆ ಕ್ಷಣವೇ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುವುದು ಇನ್ನೊಂದು: ಸಣ್ಣ ಧೂಳು ಸೆನ್ಸರ್ ಮೇಲೆ ಕೂತು ಪ್ರತಿ ಫೋಟೋದಲ್ಲೂ ಮಸುಕಾದ ಕಪ್ಪು ಚುಕ್ಕೆಯಾಗುವುದು. ಲೆನ್ಸ್ ಬಿಚ್ಚಲು ಬಾರದ ಕ್ಯಾಮೆರಾ ಆದ್ದರಿಂದ ನಾವೇ ಒರೆಸೋಕೂ ಆಗಲ್ಲ.

ಶಾಸನದಲ್ಲಿ ಅನುಸ್ವಾರ ಅಂದರೆ ಅಕ್ಷರದ ಬಳಿಯ ಒಂದು ಚಿಕ್ಕ ಸೊನ್ನೆ ಅಥವಾ ಚುಕ್ಕೆ ತಾನೆ? ಸವೆದ ಕಲ್ಲಿನಲ್ಲಿ ಅದೊಂದು ಗುಳಿಯಷ್ಟೇ. ಧೂಳಿನ ಕಲೆಯೂ ಕಾಣುವುದು ಹಾಗೇ. ‘ಕೊಡು’ ಎಂಬುದಕ್ಕೂ ‘ಕೊಂಡು’ ಎಂಬುದಕ್ಕೂ ನಡುವೆ ಇರುವುದು ಒಂದೇ ಸೊನ್ನೆ. ಕೊಟ್ಟವನು ಕೊಂಡವನಾಗಲು ಅಷ್ಟು ಸಾಕು.

ಪರೀಕ್ಷೆ ಸುಲಭ. ಒಂದೇ ಸಾಲನ್ನು ಕ್ಯಾಮೆರಾ ಸ್ವಲ್ಪ ಸರಿಸಿ ಎರಡು ಸಲ ತೆಗೆಯಿರಿ. ಕಲ್ಲಿನ ಚುಕ್ಕೆ ಅಕ್ಷರದ ಜೊತೆ ಸರಿಯುತ್ತದೆ; ಧೂಳಿನ ಚುಕ್ಕೆ ಚೌಕಟ್ಟಿನಲ್ಲಿ ಇದ್ದಲ್ಲೇ ಇರುತ್ತದೆ. ಅನುಮಾನ ಬಂದರೆ ಅಪರ್ಚರ್ ಆದಷ್ಟು ಕಿರಿದು ಮಾಡಿ ಬಿಳಿ ಗೋಡೆಯ ಫೋಟೋ ತೆಗೆದು ನೋಡಿ. ಅಪರ್ಚರ್ ಕಿರಿದಾದಷ್ಟೂ ಧೂಳು ಎದ್ದು ಕಾಣುತ್ತದೆ.

ವಾರಂಟಿ ಸರ್ವಬಾಧಾಪರಿಹಾರವಲ್ಲ

ವಾರಂಟಿ ಕಾರ್ಡನ್ನು ಒಂದು ದಾನಶಾಸನ ಓದಿದ ಹಾಗೆ ಓದಬೇಕು: ಕೊಟ್ಟವರು ಯಾರು, ಯಾರಿಗೆ, ಯಾವ ತೇದಿಯಿಂದ, ಎಲ್ಲೆ ಎಲ್ಲಿಯವರೆಗೆ. ಸಾಮಾನ್ಯವಾಗಿ ತಯಾರಿಕೆಯ ದೋಷ ಎಲ್ಲೆಯ ಒಳಗೆ. ಬಿದ್ದದ್ದು, ನೀರು, ಮರಳು, ಬೇರೆಯವರು ಬಿಚ್ಚಿದ್ದು ಹೊರಗೆ. ನಮ್ಮ ಕೆಲಸವೇ ಮಣ್ಣಿನಲ್ಲಿ, ಹಾಗಾಗಿ ಸರ್ವಿಸ್ ಸೆಂಟರ್‌ನವರು ಮೊದಲು ಕೇಳುವುದೇ ಇದನ್ನು.

ಅದಕ್ಕೆ ಸಾಕ್ಷಿ ಬೇಕು. ಕೊಂಡ ದಿನವೇ ಬಿಳಿ ಗೋಡೆಯ ಫೋಟೋ ತೆಗೆದು ಇಟ್ಟುಕೊಳ್ಳಿ. ಮೊದಲಿಂದಲೂ ಕಲೆ ಇದ್ದರೆ ತೋರಿಸಬಹುದು. ಬಿಲ್ಲು ಥರ್ಮಲ್ ಕಾಗದದ್ದಾದರೆ ಅಕ್ಷರ ಮಾಸಿ ಹೋಗುತ್ತದೆ, ಅದರದ್ದೂ ಒಂದು ಫೋಟೋ ಇರಲಿ. ಹೊರದೇಶದಿಂದ ತರಿಸಿದ್ದಾದರೆ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಮನೆಯಲ್ಲಿ ಬಿಚ್ಚುವ ಸಾಹಸ ಮಾತ್ರ ಬೇಡ. ವಾರಂಟಿ ಹೋಗುವುದಿರಲಿ, ಫ್ಲ್ಯಾಶ್‌ನ ಕೆಪಾಸಿಟರ್ ಬ್ಯಾಟರಿ ತೆಗೆದ ಮೇಲೂ ಜೋರಾಗಿ ಶಾಕ್ ಹೊಡೆಯಬಲ್ಲದು.

ಅವಧಿ ಮುಗಿದ ಮೇಲೂ

ಅವಧಿ ಮುಗಿಯಿತು ಅಂದ್ರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. 2005ರಲ್ಲಿ ಒಂದು ದೊಡ್ಡ ಪ್ರಕರಣ ನಡೆಯಿತು. ಸೋನಿ ತಯಾರಿಸಿದ ಕೆಲವು ಸಿಸಿಡಿ ಸೆನ್ಸರ್‌ಗಳಲ್ಲಿ ದೋಷ ಇರುವುದು ಹೊರಬಂತು. ಆ ಸೆನ್ಸರ್‌ಗಳನ್ನು ಸೋನಿ ಮಾತ್ರವಲ್ಲ, ಕ್ಯಾನನ್, ನಿಕಾನ್, ಫ್ಯೂಜಿಫಿಲ್ಮ್ ಮುಂತಾದವರೂ ಬಳಸಿದ್ದರು. ಬಿಸಿಲು ಮತ್ತು ತೇವ ಹೆಚ್ಚಿರುವ ಕಡೆ ಸೆನ್ಸರ್‌ನ ಒಳಸಂಪರ್ಕ ಬಿಟ್ಟುಹೋಗಿ ಚಿತ್ರ ವಿಕಾರವಾಗಿ ಬರುತ್ತಿತ್ತು, ಇಲ್ಲವೇ ಬರುತ್ತಲೇ ಇರಲಿಲ್ಲ. ತಯಾರಕರು ಮಾದರಿಗಳ ಪಟ್ಟಿ ಪ್ರಕಟಿಸಿ, ವಾರಂಟಿ ಮುಗಿದಿದ್ದರೂ ಉಚಿತವಾಗಿ ರಿಪೇರಿ ಮಾಡಿಕೊಟ್ಟರು. ಕ್ಯಾನನ್‌ನ ಪವರ್‌ಶಾಟ್ ಎ70, ಎ75 ಆ ಪಟ್ಟಿಯಲ್ಲಿದ್ದವು. ಬಿಸಿಲು, ತೇವ ಎರಡೂ ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿವೆಯಲ್ಲ! ಆದ್ದರಿಂದ ದುಡ್ಡು ಕೊಡುವ ಮೊದಲು, ನಿಮ್ಮ ಮಾದರಿಗೆ ಅಂಥ ಪ್ರಕಟಣೆ ಇದೆಯೇ ಎಂದು ತಯಾರಕರ ಜಾಲತಾಣದಲ್ಲಿ ನೋಡಿ.

ರಿಪೇರಿಗೆ ಕೊಡುವಾಗ

ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಕ್ಯಾಮೆರಾದ ಒಳಗಿನ ಮೆಮೊರಿಯಲ್ಲಿ ಫೋಟೋ ಇದ್ದರೆ ಮೊದಲು ನಕಲು ಮಾಡಿ; ರಿಪೇರಿಯಲ್ಲಿ ಅದು ಅಳಿದರೆ ಯಾರೂ ಹೊಣೆಯಲ್ಲ ಎಂದು ರಸೀದಿಯ ಹಿಂದೆಯೇ ಅಚ್ಚಾಗಿರುತ್ತದೆ. ಸೀರಿಯಲ್ ನಂಬರ್ ಜಾಬ್ ಶೀಟ್‌ನಲ್ಲಿ ಸರಿಯಾಗಿ ಬಂದಿದೆಯೇ ನೋಡಿ. ‘ಫೋಟೋ ಸರಿ ಬರ್ತಿಲ್ಲ’ ಅಂತ ಬರೆಸಿದರೆ ‘ಚೆನ್ನಾಗೇ ಬರ್ತಿದೆ’ ಅಂತ ವಾಪಸ್ ಬರಬಹುದು. ‘ಎಡ ಮೇಲ್ಮೂಲೆಯಲ್ಲಿ ಎಲ್ಲ ಫೋಟೋಗಳಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ’ ಎಂದು ಬರೆಸಿ, ಗೋಡೆಯ ಫೋಟೋ ಜೊತೆಗಿಡಿ. ಧೂಳಿನಿಂದ ಆದದ್ದು, ವಾರಂಟಿ ಇಲ್ಲ ಎಂದರೆ ಕಾರಣವನ್ನೂ ಖರ್ಚಿನ ಅಂದಾಜನ್ನೂ ಬರವಣಿಗೆಯಲ್ಲಿ ಕೇಳಿ.

ನ್ಯಾಯವಾಗಿ ಆಗಬೇಕಾದ ರಿಪೇರಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ವ್ಯಾಜ್ಯದ ಕಾರಣ ಹುಟ್ಟಿದ 2 ವರ್ಷದೊಳಗೆ ಕೊಡಬೇಕು.

ವಾಪಸ್ ಬಂದ ಮೇಲೆ

ಮೊದಲು ಗೋಡೆಯ ಪರೀಕ್ಷೆ ಇನ್ನೊಮ್ಮೆ ಮಾಡಿ. ಆಮೇಲೆ ತಾರೀಕು ನೋಡಿ. ರಿಪೇರಿಯಲ್ಲಿ ಗಡಿಯಾರ ಮೊದಲಿಗೆ ಹೋಗಿರಬಹುದು. ಗಮನಿಸದಿದ್ದರೆ ಫೋಟೋದ ತೇದಿಗೂ ನಿಮ್ಮ ಟಿಪ್ಪಣಿಗೂ ತಾಳೆಯಾಗುವುದಿಲ್ಲ. ಫೈಲ್ ಸಂಖ್ಯೆಯೂ 0001ರಿಂದ ಶುರುವಾಗಿರಬಹುದು. ಹೊಸ ಫೋಟೋಗಳನ್ನು ಹಳೆಯ ಫೋಲ್ಡರಿಗೆ ಹಾಕಿದರೆ ಒಂದೇ ಹೆಸರಿನ ಹಳೆಯ ಚಿತ್ರ ಅಳಿಯುವ ಅಪಾಯ ಇದೆ. ಊರು ಮತ್ತು ದಿನದ ಹೆಸರಿನಲ್ಲಿ ಬೇರೆ ಫೋಲ್ಡರ್ ಮಾಡಿಕೊಳ್ಳಿ.

ಕೊನೆಯ ಕೆಲಸ, ಹಲವರು ಬಿಟ್ಟುಬಿಡುವುದು: ಚುಕ್ಕೆ ಯಾವ ದಿನದಿಂದ ಶುರುವಾಯಿತು ಎಂದು ಹಳೆಯ ಫೋಟೋಗಳಲ್ಲಿ ಹುಡುಕಿ. ಆ ದಿನದಿಂದ ರಿಪೇರಿಯವರೆಗೆ ತೆಗೆದ ಫೋಟೋಗಳನ್ನು ನೋಡಿ ಓದಿದ ಪಾಠಗಳನ್ನೆಲ್ಲ ಪಟ್ಟಿ ಮಾಡಿ, ಚೌಕಟ್ಟಿನ ಆ ಜಾಗದಲ್ಲಿ ಯಾವ ಅಕ್ಷರ ಬಿದ್ದಿತ್ತು ಎಂದು ಪರಿಶೀಲಿಸಿ. ಅಲ್ಲೊಂದು ಸೊನ್ನೆ ಸಿಕ್ಕಿದ್ದರೆ, ಕಲ್ಲು ಇನ್ನೂ ಇರುವಾಗಲೇ ಇನ್ನೊಮ್ಮೆ ಹೋಗಿ ನೋಡಿ ಬನ್ನಿ.