ಸಮಾಚಾರವೂ ಭೂಪಟವೂ

2020ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಭೀಮಾ ನದಿಗೆ ಮಹಾಪೂರ ಬಂದಿತು. ಆ ದಿನಗಳ ವೃತ್ತಪತ್ರಿಕೆಗಳನ್ನು ಬಿಡಿಸಿದರೆ ಕಣ್ಣಿಗೆ ಬೀಳುತ್ತಿದ್ದುದು ಒಂದೇ ಬಗೆಯ ವಾಕ್ಯ: ಉಜನಿ ಜಲಾಶಯದಿಂದ ಇಷ್ಟು ನೀರು ಬಿಟ್ಟರು, ವೀರ್ ಜಲಾಶಯದಿಂದ ಇಷ್ಟು ಬಿಟ್ಟರು, ಸೊನ್ನದ ಬ್ಯಾರೇಜಿನಿಂದ ಇಷ್ಟು ಹೊರಬಿದ್ದಿತು. ಅಂಕೆಗಳೆಲ್ಲವೂ ಕ್ಯೂಸೆಕ್ಕಿನ ಲೆಕ್ಕದಲ್ಲಿದ್ದುವು. ಸುಳ್ಳು ಯಾವುದೂ ಇರಲಿಲ್ಲ. ಆದರೂ ಓದಿದವನಿಗೆ ತನ್ನ ಊರಿಗೆ ಏನಾಗುವುದೆಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ನಮ್ಮ ವಿದ್ಯಾರ್ಥಿಯೊಬ್ಬನು ಸೇಡಂ ಕಡೆಯವನು; ಕಾಗಿಣಾ ನದಿಯ ದಡದಲ್ಲಿ ಅವನ ಹಳ್ಳಿ. ಕಾಲೇಜುಗಳು ಮುಚ್ಚಿದ್ದ ಆ ಕಾಲದಲ್ಲಿ ಅವನು ದೂರವಾಣಿಯ ಮೂಲಕ ನಮ್ಮನ್ನು ಕೇಳಿದನು: "ಸರ್, ಪೇಪರಿನಾಗ ಎಲ್ಲಾ ಭೀಮಾ ಸುದ್ದೀನೇ ಅದ. ನಮ್ಮೂರ ಹೊಳಿ ಕಾಗಿಣಾ. ನಮಗೇನ್ ಸಂಬಂಧ ರೀ?"

ಪ್ರಶ್ನೆ ಸರಳವಾಗಿಯೇ ಇತ್ತು. ಆದರೆ ಮಾತಿನಲ್ಲಿ ಉತ್ತರ ಹೇಳಹೊರಟ ನಮಗೆ ತೊಡಕಾಯಿತು. ಒಂದು ಹೆಸರನ್ನು ವಿವರಿಸುವಷ್ಟರಲ್ಲಿ ಹಿಂದಿನ ಹೆಸರು ಮರೆಯಾಗುತ್ತಿತ್ತು. ಕಡೆಗೆ ಒಂದು ಹಾಳೆಯ ಮೇಲೆ ಕೆಲವು ಗೆರೆಗಳನ್ನೆಳೆದು ಅದರ ಚಿತ್ರವನ್ನು ಅವನಿಗೆ ಕಳುಹಿಸಿದೆವು. ಆ ಗೆರೆಗಳ ವಿಚಾರವೇ ಇಂದಿನ ಈ ಭಾಷಣದ ವಸ್ತು.

ಕೇಳುಗರೂ ಒಂದು ಹಾಳೆಯನ್ನು ಮುಂದಿಟ್ಟುಕೊಳ್ಳಬಹುದು. ಎಡಗಡೆಯ ಮೇಲ್ತುದಿಯಿಂದ ಬಲಗಡೆಯ ಕೆಳಕ್ಕೆ ಓರೆಯಾಗಿ ಒಂದು ದಪ್ಪ ಗೆರೆ, ಇದು ಭೀಮೆ. ಪಶ್ಚಿಮಘಟ್ಟದ ಭೀಮಾಶಂಕರದಲ್ಲಿ ಹುಟ್ಟಿ, ಮಹಾರಾಷ್ಟ್ರವನ್ನು ಹಾದು, ಕಲಬುರಗಿ ಸೀಮೆಯ ಮೂಲಕ ಬಂದು, ರಾಯಚೂರಿಗೆ ಉತ್ತರದಲ್ಲಿ ಕೃಷ್ಣೆಯನ್ನು ಕೂಡುವುದು. ಗೆರೆಯ ಮೇಲ್ಭಾಗದಲ್ಲಿ ಒಂದು ಅಡ್ಡಗೀಟು ಉಜನಿ ಜಲಾಶಯ. ಅದರ ಕೆಳಗೆ ಎಡದಿಂದ ಬಂದು ಸೇರುವ ಸಣ್ಣ ಗೆರೆ ನೀರಾ ನದಿ. ವೀರ್ ಜಲಾಶಯವಿರುವುದು ಅದರ ಮೇಲೆ. ಇನ್ನೂ ಕೆಳಗೆ ಸೀನಾ ನದಿ ಬಂದು ಕೂಡುವುದು. ಅನಂತರ ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಮತ್ತೊಂದು ಅಡ್ಡಗೀಟು. ಅದಕ್ಕೂ ಕೆಳಗೆ, ಬಲಗಡೆಯಿಂದ ಹರಿದುಬಂದು, ಶಹಾಬಾದಿಗೆ ಸಮೀಪದಲ್ಲಿ ಭೀಮೆಯನ್ನು ಸೇರುವ ಗೆರೆಯೇ ಕಾಗಿಣಾ. ಚಿಂಚೋಳಿಯ ಕಡೆಯ ಮುಲ್ಲಾಮಾರಿಯೂ ಬೆಣ್ಣೆತೊರೆಯೂ ಈ ಕಾಗಿಣೆಗೇ ಸೇರತಕ್ಕವು.

ಇಷ್ಟನ್ನು ಬರೆದೊಡನೆ ಎರಡು ಸಂಗತಿಗಳು ತಾವಾಗಿಯೇ ವೇದ್ಯವಾಗುತ್ತವೆ. ಮೊದಲನೆಯದು: ನೀರಾ ನದಿ ಉಜನಿಯ ಕೆಳಗೆ ಸೇರುವುದರಿಂದ, ಉಜನಿಯ ಅಂಕೆಯೊಂದನ್ನೇ ನೋಡಿ ನೆರೆಯನ್ನು ಅಳೆಯುವವನು ಮೋಸಹೋಗುವನು. ಎರಡನೆಯದು ನಮ್ಮ ವಿದ್ಯಾರ್ಥಿಗೆ ಬೇಕಾಗಿದ್ದ ಉತ್ತರ. ಭೀಮೆ ತುಂಬಿ ನಿಂತಾಗ ಅದನ್ನು ಸೇರಬೇಕಾದ ಉಪನದಿಯ ನೀರಿಗೆ ಮುಂದೆ ದಾರಿಯಿರುವುದಿಲ್ಲ. ಅದು ಹಿಂದಕ್ಕೆ ಒತ್ತಿ ಸಂಗಮದ ಮೇಲ್ಗಡೆಯ ದಡಗಳ ಮೇಲೆ ಹರಡುವುದು. ಆದುದರಿಂದ ಉಜನಿಯ ಸುದ್ದಿ ಕಾಗಿಣೆಯ ದಡದವನ ಸುದ್ದಿಯೂ ಹೌದು. ಆ ಸಲವಂತೂ ಕಾಗಿಣೆಯ ಪಾತ್ರದಲ್ಲಿಯೂ ವಿಪರೀತ ಮಳೆಯಾಗಿ, ಮಳಖೇಡದ ಬಳಿ ಅದು ತಾನೇ ದಡ ಮೀರಿ ಹರಿಯಿತು. ನಮ್ಮ ಚಿತ್ರವನ್ನು ನೋಡಿದ ಹುಡುಗನು ಮರುಮಾತಾಡದೆ ಮನೆಯ ದನಕರುಗಳನ್ನು ಎತ್ತರದ ಹೊಲಕ್ಕೆ ಹೊಡೆದನಂತೆ.

ಭೂಪಟದ ಶಕ್ತಿ ಇರುವುದು ಇಲ್ಲಿಯೇ. ಮಾತು ಒಂದಾದಮೇಲೊಂದು ಬರುವುದು. ಭೂಪಟವು ಎಲ್ಲವನ್ನೂ ಒಮ್ಮೆಗೇ ಕಣ್ಣಮುಂದೆ ಹರಡುವುದು. ಯಾವುದು ಮೇಲೆ, ಯಾವುದು ಕೆಳಗೆ, ಯಾವುದರಿಂದ ಯಾವುದಕ್ಕೆ ದಾರಿ ಎಂಬ ಸಂಬಂಧವನ್ನು ವಾಕ್ಯಗಳಲ್ಲಿ ಹುಡುಕಬೇಕು. ಪಟದಲ್ಲಿ ಅದು ಕಾಣುತ್ತದೆ.

ಈ ಸತ್ಯವನ್ನು ಲೋಕಕ್ಕೆ ಮನಗಾಣಿಸಿದವರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಪ್ರಸಿದ್ಧನು. 1854ರಲ್ಲಿ ಆ ನಗರದ ಬ್ರಾಡ್ ಸ್ಟ್ರೀಟಿನ ಸುತ್ತ ಕಾಲರಾ ಹಬ್ಬಿ ಆರುನೂರಕ್ಕೂ ಹೆಚ್ಚು ಜನರು ಸತ್ತರು. ರೋಗವು ಕೆಟ್ಟ ಗಾಳಿಯಿಂದ ಹರಡುವುದೆಂದು ಆಗಿನವರ ನಂಬಿಕೆ. ಸ್ನೋ ಸಾವು ಸಂಭವಿಸಿದ ಮನೆಗಳನ್ನೆಲ್ಲ ಬೀದಿಯ ನಕ್ಷೆಯ ಮೇಲೆ ಕರಿಯ ಗೀಟುಗಳಿಂದ ಗುರುತಿಸಿ 1855ರಲ್ಲಿ ಅಚ್ಚುಹಾಕಿಸಿದನು. ಗೀಟುಗಳು ಒಂದು ನೀರಿನ ಪಂಪಿನ ಸುತ್ತ ಒತ್ತಾಗಿ ನೆರೆದಿದ್ದುವು. ಸತ್ತವರ ಪಟ್ಟಿ ಸರ್ಕಾರದ ಬಳಿ ಮೊದಲೇ ಇತ್ತು. ಆದರೆ ಪಟ್ಟಿ ಹೇಳದೆ ಇದ್ದುದನ್ನು ಪಟ ಹೇಳಿತು. ಮುಂದೆ 1875ರ ಏಪ್ರಿಲ್ 1ರಂದು ಲಂಡನ್ನಿನ 'ಟೈಮ್ಸ್' ಪತ್ರಿಕೆಯು ಹವೆಯ ನಕ್ಷೆಯನ್ನು ಪ್ರಕಟಿಸಿತು. ಅದನ್ನು ಸಿದ್ಧಪಡಿಸಿದವನು ಫ್ರಾನ್ಸಿಸ್ ಗಾಲ್ಟನ್.

ಹಾಗೆಂದು ಭೂಪಟವನ್ನು ಕಣ್ಣುಮುಚ್ಚಿ ನಂಬಬಹುದೆ? ನಂಬಲಾಗದು. ಪ್ರತಿಯೊಂದು ಪಟವೂ ಏನನ್ನೋ ತೋರಿಸಲು ಮತ್ತೇನನ್ನೋ ಬಿಡುತ್ತದೆ. ಇದಕ್ಕೂ ನಮ್ಮ ಸೀಮೆಯಲ್ಲಿಯೇ ಉದಾಹರಣೆಯುಂಟು. 1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನದ ಪ್ರಾಂತಗಳನ್ನು ಭಾಷೆಯ ಆಧಾರದ ಮೇಲೆ ಹಂಚಿದಾಗ, ಗುಲ್ಬರ್ಗ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಅದರ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. 2014ರಿಂದ ಅವು ತೆಲಂಗಾಣದಲ್ಲಿವೆ. ಭಾಷೆಯ ಪಟವನ್ನು ನೋಡಿ ಎಳೆದ ಗೆರೆ ಅದು. ಆದರೆ ಕಾಗಿಣೆಯು ತಾಂಡೂರಿನ ಕಡೆಯಿಂದಲೇ ಹರಿದು ಸೇಡಮಿಗೆ ಬರುತ್ತದೆ. ನದಿಗೆ ಆ ಗೆರೆಯ ಪರಿವೆಯಿಲ್ಲ, ಪತ್ರಿಕೆಗಳಿಗಾದರೋ ಇದೆ. ಮೇಲ್ಗಡೆ ಸುರಿದ ಮಳೆಯ ಸುದ್ದಿ ಬಹುಮಟ್ಟಿಗೆ ತೆಲುಗು ಪತ್ರಿಕೆಗಳಲ್ಲಿ, ಕೆಳಗಡೆ ನುಗ್ಗಿದ ನೆರೆಯ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ. ರಾಜ್ಯದ ಎಲ್ಲೆಗೆ ಬಂದು ಕತ್ತರಿಸಿದಂತೆ ನಿಲ್ಲುವ ಭೂಪಟವು ಇಂಥಲ್ಲಿ ಅರ್ಧ ಸತ್ಯವನ್ನೇ ಹೇಳುವುದು.

ರೈಲ್ವೆಯ ಪಟವನ್ನು ತೆರೆದರೆ ಇದೇ ಸೀಮೆ ಬೇರೊಂದು ರೂಪವನ್ನು ತಾಳುತ್ತದೆ. 1871ರ ವೇಳೆಗೆ ಮುಂಬಯಿ-ಮದರಾಸು ಮಾರ್ಗವು ಶಹಾಬಾದು, ವಾಡಿಗಳ ಮೂಲಕ ಹಾದಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ದಾರಿಯಾಗಿ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಈ ಪಟದಲ್ಲಿ ವಾಡಿಯು ಕೇಂದ್ರ. ಚಿಂಚೋಳಿಯು ಎಲ್ಲಿಯೂ ಕಾಣದು. ಮಳಖೇಡ ರೋಡ್ ನಿಲ್ದಾಣದ ಬಳಿಯ ಆದಿತ್ಯನಗರದಲ್ಲಿ ಸಿಮೆಂಟಿನ ಕಾರ್ಖಾನೆ ಏಕೆ ನಿಂತಿತೆಂದು ಕೇಳಿದರೆ, ನೆಲದ ಕೆಳಗಿನ ಸುಣ್ಣಕಲ್ಲಿನ ಪಟವನ್ನೂ ಈ ರೈಲಿನ ಪಟವನ್ನೂ ಒಂದರ ಮೇಲೊಂದಿಟ್ಟು ನೋಡಬೇಕು.

ಚುನಾವಣೆಯ ಪಟವಂತೂ ವಿದ್ಯಾವಂತರನ್ನೂ ದಾರಿತಪ್ಪಿಸಬಲ್ಲದು. ಕಲಬುರಗಿ ಜಿಲ್ಲೆಯ ವಿಸ್ತೀರ್ಣ 10,951 ಚದರ ಕಿಲೋಮೀಟರು. ವಿಧಾನಸಭಾ ಕ್ಷೇತ್ರಗಳು 9. ಬೆಂಗಳೂರು ನಗರ ಜಿಲ್ಲೆಯು ಇದರ ಐದನೆಯ ಒಂದು ಪಾಲಿನಷ್ಟಿದ್ದು 28 ಕ್ಷೇತ್ರಗಳನ್ನು ಹೊಂದಿದೆ. ಗೆದ್ದ ಪಕ್ಷದ ಬಣ್ಣವನ್ನು ಬಳಿದಾಗ ನಮ್ಮ 9 ಕ್ಷೇತ್ರಗಳು ಪಟವನ್ನು ತುಂಬಿಕೊಳ್ಳುವುವು. ಅಲ್ಲಿನ 28 ಒಂದು ಚುಕ್ಕೆಯಲ್ಲಿ ಅಡಗುವುವು. ಕಣ್ಣು ನೆಲವನ್ನು ಎಣಿಸುತ್ತದೆ. ಮತಪೆಟ್ಟಿಗೆ ಜನರನ್ನು ಎಣಿಸುತ್ತದೆ.

ಆದುದರಿಂದ ಸಮಾಚಾರದೊಡನೆ ಬಂದ ಭೂಪಟವನ್ನು ಮೂರು ಪ್ರಶ್ನೆ ಕೇಳಿ ಓದುವುದು ಒಳ್ಳೆಯದು. ಇದು ಏನನ್ನು ಅಳೆಯುತ್ತಿದೆ, ನೆಲವನ್ನೋ, ಜನರನ್ನೋ, ನೀರನ್ನೋ? ಇದು ಎಂದಿನ ಪಟ, ನಿನ್ನೆಯದೋ, ಹತ್ತು ವರ್ಷಗಳ ಹಿಂದಿನದೋ? ಇದರ ಅಂಚಿನ ಆಚೆಗೆ ಏನಿದೆ? ಮೂರನೆಯದನ್ನು ಕೇಳುವವರು ವಿರಳ. ಕಾಗಿಣೆಯ ದಡದವರಿಗೆ ಅತ್ಯಂತ ಬೇಕಾದುದು ಅದೇ.

ಪಟವೇ ಇಲ್ಲದ ಸುದ್ದಿ ಬಂದಾಗ ನಾವೇ ಒಂದನ್ನು ಬರೆದುಕೊಳ್ಳಬಹುದು. ಅದಕ್ಕೆ ಚಿತ್ರಕಲೆ ಬೇಡ, ಅಳತೆಯ ಕಡ್ಡಿ ಬೇಡ. ಸುದ್ದಿಯಲ್ಲಿ ಬಂದ ಹೆಸರುಗಳನ್ನು ಬಿಂದುಗಳಾಗಿ ಇಟ್ಟು, ಒಂದಕ್ಕೊಂದು ಇರುವ ಸಂಬಂಧವನ್ನು ಗೆರೆಯಾಗಿ ಎಳೆದರೆ ಸಾಕು. ಎಲ್ಲಿ ಗೆರೆ ಎಳೆಯಲು ಬಾರದೆ ಕೈ ನಿಲ್ಲುವುದೋ, ಅಲ್ಲಿ ನಮಗೆ ಸುದ್ದಿ ಅರ್ಥವಾಗಿಲ್ಲವೆಂದು ತಿಳಿಯಬೇಕು. ಮುಂದಿನ ಮಳೆಗಾಲದಲ್ಲಿ ಉಜನಿಯ ಹೆಸರು ಮತ್ತೆ ಪತ್ರಿಕೆಯಲ್ಲಿ ಕಂಡಾಗ, ಕೇಳುಗರು ಅಂಕೆಯನ್ನು ಓದುವುದಕ್ಕೆ ಮೊದಲು ಒಂದು ಹಾಳೆಯನ್ನೂ ಸೀಸದ ಕಡ್ಡಿಯನ್ನೂ ತೆಗೆದುಕೊಂಡರೆ ನಮ್ಮ ಈ ಮಾತು ಸಾರ್ಥಕವಾದಂತೆ.